ಮುಚ್ಚಳದ ಕೆಳಗೆ ಒಣಗಿದ ಪದರ

ಮುರಗೋಡ
10 ಫೆಬ್ರವರಿ 2025

ಅನ್ನಪೂರ್ಣಾ,

'ಪ್ರೀತಿಯ' ಎಂದು ಬರೆಯಲು ಮನಸ್ಸು ಬರಲಿಲ್ಲ. 2022ರ ಜನವರಿ 19ರಂದು, ಪ್ರಯೋಗ ಕೆಟ್ಟದ್ದು ನನ್ನ ಅಜಾಗರೂಕತೆಯಿಂದ ಎಂದು ನೀನು ನನ್ನ ಕೈಯಲ್ಲೇ ಬರೆಸಿದೆ. ಈಗ ಅದೇ ಅಜಾಗರೂಕತೆಯನ್ನು ನಿನ್ನ ಶೋಧವೆಂದು ಅಚ್ಚು ಹಾಕಿಸಿದ್ದೀಯ.

ನೆನಪು ಮಾಡಿಕೋ. ಬೈಲಹೊಂಗಲದ ಕಾಲೇಜಿನ ನಮ್ಮ ಪ್ರಯೋಗಾಲಯಕ್ಕೆ ಪಕ್ಕದ ಜಿನ್ನಿಂಗ್ ಮಿಲ್ಲಿನಿಂದ ಹತ್ತಿಯ ನಾರು ಹಾರಿ ಬರುತ್ತಿತ್ತು. ಊಟದ ಡಬ್ಬಿ, ನೀರಿನ ಲೋಟ, ಎಲ್ಲಕ್ಕೂ ಮುಚ್ಚಳ ಹಾಕುವ ರೂಢಿ ನಮ್ಮದು. ಗಾಜಿನ ಮೇಲೆ ಆಗಷ್ಟೇ ಸವರಿದ ಪಾಲಿಮರ್ ದ್ರಾವಣಕ್ಕೂ ನಾನು ಬಟ್ಟಲು ಕವುಚಿದೆ. ತೆರೆದಿಟ್ಟ ಪದರ ಬೇಗ ಒಣಗಿ, ನೇರಳಾತೀತ ದೀಪದಡಿ, ಸರ್‌ಗೆ ಬೇಕಿದ್ದಂತೆ, ಹಸಿರಾಗಿ ಹೊಳೆಯಿತು. ಮುಚ್ಚಿಟ್ಟದ್ದು ಮೆಲ್ಲಗೆ ಒಣಗಿ ಮಂದ ಕೆಂಪಾಯಿತು.

ಮಾರ್ಗದರ್ಶಕ ಗುರುನಾಥ ಸರ್, "ಏನವ್ವಾ ಜೀನತ್, ಸಾರಿನ ಬೋಗಾಣಿ ಅಂತ ತಿಳದೇನು, ಮುಚ್ಚಿಡಾಕ?" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು.

ಮೆಟ್ಟಿಲ ಮೇಲೆ ಕುಳಿತು ಕಾರಣ ಹೇಳಿದವಳು ನಾನು. "ಮೆಲ್ಲಕ ಒಣಗಿದ್ರ ಪಾಲಿಮರ್ ಸರಪಳಿಗೋಳಿಗೆ ಒಂದರ ಮಗ್ಗಲ ಒಂದು ಹತ್ತಿ ಕೂಡಾಕ ಟೈಮ್ ಸಿಗತೈತಿ. ಬೆಳಕಿನ ಶಕ್ತಿ ಹೊರಗ ಬರೂ ಬದಲಿ ಸರಪಳಿಯಿಂದ ಸರಪಳಿಗೆ ಹಾದು ಅಲ್ಲೇ ಕರಗತೈತಿ, ಉಳದದ್ದು ಮಂದ ಕೆಂಪಾಗಿ ಬರತೈತಿ," ಎಂದೆ. ನೀನೇನೆಂದೆ? "ನಿನ್ನ ಪುರಾಣ ಸಾಕ. ಮೊದಲ ಮಾಫಿ ಪತ್ರ ಬರಿ, ಸರ್ ಮುಂದ ನಾ ಸಂಭಾಳಸ್ತೇನಿ." ಬರೆದೆ. ಆ ಪತ್ರವನ್ನೇ ಮುಂದಿಟ್ಟು ನನ್ನ ಪಿಎಚ್‌ಡಿ ನೋಂದಣಿ ರದ್ದು ಮಾಡಿದರು.

ಮೂರು ವರ್ಷದಿಂದ ಯರಗಟ್ಟಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಪಿಎಚ್‌ಡಿಗೆ ಮತ್ತೆ ಅರ್ಜಿ ಹಾಕಿದ್ದೇನೆ. ಮುಂದಿನ ತಿಂಗಳು ಸಂದರ್ಶನ. ಆ ಮೇಜಿನ ಮೇಲೆ ನನ್ನ ಮಾಫಿ ಪತ್ರ ಇರುತ್ತದೆ, ನಿನ್ನ ಲೇಖನವೂ ಇರುತ್ತದೆ. ನನ್ನದೇ ಮಾತು ನಾನು ಹೇಳಿದರೆ, ನಿನ್ನಿಂದ ಕದ್ದವಳು ನಾನಾಗುತ್ತೇನೆ.

ಲೇಖನವನ್ನು ಮೂರು ಸಲ ಓದಿದೆ. ಕವುಚಿದ ಬಟ್ಟಲಿದೆ, ಹತ್ತಿಯ ನಾರೂ ಇದೆ. ಕೃತಜ್ಞತೆಯ ಸಾಲಿನಲ್ಲಿ ಗಾಜು ತೊಳೆಯುವ ಮುತ್ತಪ್ಪನ ಹೆಸರಿದೆ. ನನ್ನದಿಲ್ಲ.

ಒಂದು ಕಾಲದ ನಿನ್ನ ಗೆಳತಿ,
ಜೀನತ್

ಸಹಿ ಹಾಕಿದ ಮೇಲೆ: ಒಂದು ಮಾತನ್ನು ಬೇಕೆಂದೇ ಬಿಟ್ಟಿದ್ದೆ, ನಿನ್ನನ್ನು ಕಳ್ಳಿ ಎನ್ನಲು ಸುಲಭವಾಗಲಿ ಎಂದು. ಇದನ್ನೆಲ್ಲ ಬರೆದಿಟ್ಟಿದ್ದ ನನ್ನ ಟಿಪ್ಪಣಿ ಪುಸ್ತಕವನ್ನು ನೀನು ಕದಿಯಲಿಲ್ಲ. ಹೊರಡುವ ದಿನ ನಾನೇ ಕೊಟ್ಟೆ, ಈ ಕೆಲಸವನ್ನು ಇಬ್ಬರ ಹೆಸರಿನಲ್ಲಿ ಮುಗಿಸು ಎಂದು. ನೀನು ಹೂಂ ಅಂದೆ. ಶನಿವಾರ ಕಾಲೇಜಿನಲ್ಲಿ ಆ ಲೇಖನಕ್ಕಾಗಿ ನಿನಗೆ ಸನ್ಮಾನವಂತೆ. ನಾನು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ. ಮೈಕ್ ಕೈಗೆ ಬಂದಾಗ ಎಲ್ಲರೆದುರು ಹೇಳು: ಎರಡು ಹೆಸರುಗಳಲ್ಲಿ ಒಂದನ್ನು ಏಕೆ ಅಳಿಸಿದೆ?