ಕೀವು ಎಂದರೆ ಕನಿಕರವಲ್ಲ

ನಮ್ಮ ಸೋಲಾಪುರದ ಆಸ್ಪತ್ರೆಯೊಂದರ ಅಧೀಕ್ಷಕರಿಗೆ,

ಮಾನ್ಯರೇ,

ತೊಡೆಯ ಮೂಳೆ ಮುರಿದುಕೊಂಡು ನಿಮ್ಮಲ್ಲಿಗೆ ಬಂದ ನನ್ನ ಚಿಗವ್ವ ಸುಗಲಾಬಾಯಿ, ನಿಮ್ಮಲ್ಲಿಯೇ ಇನ್ನೊಂದು ರೋಗ ಹಚ್ಚಿಕೊಂಡು ಮಲಗಿದ್ದಾಳೆ. ಮೂಳೆಗೆ ಹಾಕಿದ ರಾಡಿನ ಸುತ್ತ ಕೀವು ತುಂಬಿದೆ. ಮುಂದಿನ ವಾರ ಮತ್ತೆ ಕೊಯ್ದು ಆ ರಾಡು ತೆಗೆಯಬೇಕಂತೆ. ಆಮೇಲೆ ಆಕೆ ನಡೆದಾಳೇ ಎಂದು ಕೇಳಿದರೆ ನಿಮ್ಮ ವೈದ್ಯರು ಮೇಲಕ್ಕೆ ಕೈ ತೋರಿಸುತ್ತಾರೆ. ದೇವರ ಕೈಯ ವಿಚಾರ ಆಮೇಲೆ ನೋಡೋಣ. ನಾನು ಬರೆಯುತ್ತಿರುವುದು ನಿಮ್ಮ ಸಿಬ್ಬಂದಿಯ ಕೈಗಳ ಬಗ್ಗೆ. ಇದರ ಮರಾಠಿ ಪ್ರತಿ ನಿಮ್ಮ ಮೇಜಿಗೆ ಬಂದಿದೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ನಿಮ್ಮ ವಾರ್ಡಿನಲ್ಲಿ ಅರ್ಧದಷ್ಟಿರುವ ಕನ್ನಡದ ರೋಗಿಗಳಿಗೂ ವಿಷಯ ತಿಳಿಯಲಿ ಎಂದು.

ನಾನು ವೈದ್ಯೆಯಲ್ಲ, ವಿಮಾ ಕಚೇರಿಯ ಗುಮಾಸ್ತೆ. ಆದರೆ ನನಗೆ ಕಣ್ಣಿದೆ. ಚಿಗವ್ವ ಅಕ್ಕಲಕೋಟ ತಾಲ್ಲೂಕಿನ ತಡವಳದವಳು. ಆಪರೇಷನ್ ಚೆನ್ನಾಗಿಯೇ ಆಯಿತು, ಆ ಉಪಕಾರ ಮರೆತಿಲ್ಲ. ಪಕ್ಕದ ಮಂಚದಲ್ಲಿ ಅಕ್ಕನಾಗಮ್ಮ ಎಂಬ ಮುದುಕಿ ಇದ್ದಳು, ಕಾಲಿನ ಹುಣ್ಣು ಕೊಳೆತು ನರಳುತ್ತಿದ್ದಳು. ಡ್ರೆಸ್ಸಿಂಗ್ ಮಾಡುವವರು ಬಂದರು, ನೀಲಿ ಗ್ಲೋವ್ಸ್ ತೊಟ್ಟು ಆಕೆಯ ಹುಣ್ಣು ಒರೆಸಿದರು, ಅದೇ ಕೈಯಲ್ಲಿ ಟ್ರಾಲಿ ತಳ್ಳಿದರು, ಫೋನ್ ಬಂತೆಂದು ಕಿವಿಗೆ ಹಿಡಿದರು, ಅದೇ ಕೈಯಲ್ಲಿ ಚಿಗವ್ವನ ಹೊಲಿಗೆಯ ಮೇಲಿನ ಪಟ್ಟಿ ಬಿಚ್ಚಿದರು. ಬದಲಿಸಬಾರದೇ ಎಂದು ನಾನು ಕೇಳಿದೆ. "ಗ್ಲೋವ್ಸ ಘಾತಲೇತ ನಾ, ಮ್ಯಾಡಮ್" ಎಂದರು. ತೊಟ್ಟಿದ್ದೇನಲ್ಲ, ಮತ್ತೇನು ಬೇಕು ಎಂಬ ಅರ್ಥ. ನಿಜ, ಅವರ ಕೈ ಸ್ವಚ್ಛವಾಗಿಯೇ ಉಳಿಯಿತು. ಆ ಗ್ಲೋವ್ಸ್ ಯಾರ ರಕ್ಷಣೆಗೆ ಎಂದು ಅವರಿಗೆ ಹೇಳಿಕೊಟ್ಟವರು ಯಾರು? ಕೈ ತೊಳೆಯುವ ವಿಧಾನದ ಚಂದದ ಚಿತ್ರಪಟ ವಾರ್ಡಿನ ಗೋಡೆಯ ಮೇಲಿದೆ. ಅದರ ಕೆಳಗಿನ ಬೇಸಿನ್ನಿನ ನಲ್ಲಿಗೆ ನೀರಿಲ್ಲ. ಅದರೊಳಗೆ ಯಾರದೋ ಊಟದ ಡಬ್ಬಿ ಇತ್ತು.

ಇನ್ನು ಮಾತಿನ ವಿಷಯಕ್ಕೆ ಬರುತ್ತೇನೆ. ಗಾಯ ಜಿನುಗತೊಡಗಿದ್ದು ಮೊದಲು ಗೊತ್ತಾದದ್ದು ಚಿಗವ್ವನಿಗೇ. ಆಕೆಗೆ ಸಂತೆಗೆ ಸಾಕಾಗುವಷ್ಟು ಮರಾಠಿ ಬರುತ್ತದೆ. ನಿಮ್ಮ ನರ್ಸು ರತ್ನಾಗಿರಿ ಕಡೆಯ ಎಳೆಯ ಹುಡುಗಿ, ಕನ್ನಡ ಕೇಳಿದವಳೇ ಅಲ್ಲ. ಚಿಗವ್ವ ಆಕೆಯನ್ನು ಕರೆದು, "ಸಿಸ್ಟರ, ಮಲಾ ಕೀವ ಯೇತೆ" ಎಂದಳು. ತನಗೆ ಕೀವು ಬರುತ್ತಿದೆ ಎಂದು ಹೇಳಿದ್ದೇನೆಂದೇ ಆಕೆಯ ಲೆಕ್ಕ. ಆದರೆ ಮರಾಠಿಯಲ್ಲಿ ಕೀವಿಗೆ 'ಪೂ' ಎನ್ನುತ್ತಾರೆ. 'ಕೀವ' ಎಂದರೆ ಕನಿಕರ. ಪಕ್ಕದಲ್ಲಿ ಅಕ್ಕನಾಗಮ್ಮ ನರಳುತ್ತಿದ್ದಳಲ್ಲ, ಈ ಅಜ್ಜಿಗೆ ಅವಳನ್ನು ಕಂಡು ಕನಿಕರ ಬರುತ್ತಿದೆ ಎಂದುಕೊಂಡ ಹುಡುಗಿ, "ಹೋ ಆಜ್ಜಿ, ಮಲಾ ಪಣ ಯೇತೆ. ಕಾಯ ಕರಣಾರ?" ಎಂದು, ತನಗೂ ಬರುತ್ತದೆ, ಏನು ಮಾಡುವುದು ಎಂದು ನಿಟ್ಟುಸಿರು ಬಿಟ್ಟು ಹೋದಳು. ಮರುದಿನವೂ ಇದೇ ಮಾತು, ಇದೇ ಉತ್ತರ.

ರವಿವಾರ ನಾನು ಹೋದಾಗ ಚಿಗವ್ವ ಮೆಲ್ಲಗೆ ಹೇಳಿದಳು: "ಪಾಪ, ಆ ಸಿಸ್ಟರಗೂ ಕೀವ ಬರತೈತಂತವಾ. ಸಣ್ಣ ಹುಡುಗಿ. ಆಕೀನ್ನೂ ಯಾರರೆ ಡಾಕ್ಟರಗ ತೋರಸ್ರಿ." ನನಗೆ ಮೊದಲು ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಚಾದರ ಎತ್ತಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ಆ ನರ್ಸನ್ನು ಕರೆದು ತೋರಿಸಿದೆ. ಆ ಹುಡುಗಿಯನ್ನು ನಾನು ದೂರುವುದಿಲ್ಲ, ಆಕೆ ಅತ್ತುಬಿಟ್ಟಳು. ಆದರೆ ಪಟ್ಟಿಯನ್ನು ಕಣ್ಣಿನಿಂದ ನೋಡಲು ಯಾವ ಭಾಷೆ ಬೇಕು, ಮಾನ್ಯರೇ?

ನಿಮ್ಮ ಕಚೇರಿಗೆ ಬಂದರೆ ಸಿಕ್ಕ ಉತ್ತರ, "ಸೋಂಕು ಬರುವುದು ಭೇಟಿಗೆ ಬರುವ ಜನರಿಂದ." ಒಪ್ಪಿದೆ, ನಮ್ಮವರೂ ಕಡಿಮೆಯಿಲ್ಲ. ಚಿಗವ್ವನ ಗಂಡ ಕಲ್ಯಾಣಪ್ಪ ಕಾಕಾ ಬಸ್ಸಿನಿಂದ ಇಳಿದವನೇ ಮಂಚದ ಮೇಲೆ ಕೂತು ಆಕೆಯ ಕಾಲು ಒತ್ತುತ್ತಿದ್ದ. ನಾನು ಬೈದೆ. "ನೋಯತೈತಿ ಅಂತಾಳ, ಮುಟ್ಟಬ್ಯಾಡ ಅಂದ್ರ ಹೆಂಗವಾ?" ಎಂದ. ಈಗ ಕೈ ತೊಳೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರುತ್ತಾನೆ. ಒಮ್ಮೆ ಹೇಳಿದ್ದಕ್ಕೆ ತಡವಳದ ರೈತ ಕೇಳಿದ. ಸಂಬಳ ಕೊಟ್ಟು ಇಟ್ಟುಕೊಂಡವರಿಗೆ ಎಷ್ಟು ಸಲ ಹೇಳಬೇಕು?

ಅಕ್ಕನಾಗಮ್ಮನ ಮಂಚಕ್ಕೆ ಈಗ ಭಕ್ತಿ ಎಂಬ ಕಾಲೇಜು ಹುಡುಗಿ ಬಂದಿದ್ದಾಳೆ. ಮೊಣಕಾಲಿಗೆ ಹಸಿ ಹೊಲಿಗೆ. ಮೊನ್ನೆ ಟ್ರಾಲಿ ಹತ್ತಿರ ಬಂದಾಗ ಚಿಗವ್ವ ಎರಡೂ ಕೈಯಿಂದ ತನ್ನ ಚಾದರ ಒತ್ತಿ ಹಿಡಿದಳು. "ಮದ್ಲ ಆ ಹುಡುಗೀದು ಮಾಡ್ರಿ. ನಂದು ಕಡೀಗೆ ಮುಟ್ರಿ" ಎಂದು ಕೈಸನ್ನೆ ಮಾಡಿ ಹೇಳಿದಳು. ಮಂಚಗಳ ಸಾಲಿನ ಪ್ರಕಾರವೇ ಹೋಗಬೇಕು ಎಂದು ಅವರು, ಬಿಡೆನೆಂದು ಈಕೆ. ಕಡೆಗೆ ಈಕೆಯೇ ಗೆದ್ದಳು. ನಿಮ್ಮವರು ನನ್ನನ್ನು ಕರೆದು, ನಿಮ್ಮ ಅಜ್ಜಿ ಮಾತು ಕೇಳುವುದಿಲ್ಲ ಎಂದು ದೂರು ಹೇಳಿದರು. ತನಗೆ ಬಂದದ್ದು ಇನ್ನೊಬ್ಬರಿಗೆ ಹತ್ತಬಾರದೆಂದು ಕಾವಲು ಕೂರುವ ಕೆಲಸ ರೋಗಿಯದೇ, ಅಥವಾ ನಿಮ್ಮದೇ?

ಆದ್ದರಿಂದ ನಾನು ಕೇಳುವುದು ಇಷ್ಟು. ಆ ನಲ್ಲಿಗೆ ನೀರು ಬರಲಿ, ಪಕ್ಕದಲ್ಲಿ ಸಾಬೂನು ಇರಲಿ. ಪ್ರತಿ ಮಂಚಕ್ಕೂ ಗ್ಲೋವ್ಸ್ ಬದಲಾಗಲಿ, ನಡುವೆ ಅವರು ಕೈ ತೊಳೆದುಕೊಳ್ಳಲಿ. ಕೊಳೆತ ಗಾಯವನ್ನು ಕೊನೆಗೆ ಮುಟ್ಟಲಿ. ರೌಂಡಿಗೆ ಬರುವವರಲ್ಲಿ ಒಬ್ಬರಿಗಾದರೂ ಕನ್ನಡ ತಿಳಿದಿರಲಿ. ಮುಂದಿನ ವಾರ ಚಿಗವ್ವನನ್ನು ಮತ್ತೆ ಒಳಗೆ ಒಯ್ಯುತ್ತೀರಿ. ಆ ಕಾಲಿನಲ್ಲಿ ಇನ್ನೊಂದು ತಪ್ಪಿಗೆ ಜಾಗವಿಲ್ಲ ಎಂದು ನಿಮ್ಮ ವೈದ್ಯರೇ ಹೇಳಿದ್ದಾರೆ. ಆಕೆಯನ್ನು ಮುಟ್ಟುವ ಮೊದಲು ಕೈ ತೊಳೆಯಿರಿ.

ಇಂತಿ,
ಬೇರೆ ಆಸ್ಪತ್ರೆಗೆ ಒಯ್ಯುವ ಶಕ್ತಿಯಿಲ್ಲದೆ, ಇಷ್ಟು ಬರೆದ ಮೇಲೂ ನಾಳೆ ನಿಮ್ಮ ಬಾಗಿಲಿಗೇ ಬರಬೇಕಾದ
ದ್ವಾರಕಾ
ಸೋಲಾಪುರ