ಬಣ್ಣ ಹಚ್ಚಿದ ಬೆಳ್ಳಿ

ಭಾನುವಾರ, ಮಧ್ಯಾಹ್ನ

ಮಹಾಜನಗಳೇ! ಚಾಪೆಯ ಮೇಲೆ ಕುಳಿತವರೇ, ಬೆಂಚಿನ ಮೇಲೆ ನಿಂತವರೇ, ಟಿಕೆಟ್ಟಿಲ್ಲದೆ ತಡಿಕೆ ಸರಿಸಿ ಇಣುಕುತ್ತಿರುವವರೇ! ಗದ್ದಲ ನಿಲ್ಲಲಿ, ಪರದೆ ಏಳಲಿ!

ಗಾಬರಿಯಾಗಬೇಡ ಕಣೋ ಪ್ರಾಂಪ್ಟರ್, ಇಷ್ಟೂ ಸಭೆ ನೀನೊಬ್ಬನೇ. ಜೀವಮಾನವಿಡೀ ಪರದೆಯ ಮರೆಯಲ್ಲಿ ನಿಂತು ನನಗೆ ಮಾತು ನೆನಪಿಸಿದವನು, ಇವತ್ತು ಎದುರಿಗೆ ಕೂತು ನೋಡು.

ಉತ್ತರ ತಡವಾಯಿತು, ಕ್ಷಮಿಸು. "ಹೊಸ ನಾಟಕದ ರಾಜನ ಪಾತ್ರ ನಿನಗೇ ಇಟ್ಟಿದ್ದೀವಿ, ಯಾವಾಗ ಬಣ್ಣ ಹಚ್ತೀಯ?" ಎಂದು ನೀನು ಪತ್ರದಲ್ಲಿ ಕೇಳಿದ್ದೆ. ಗಂಟಲಿನ ಆಪರೇಷನ್ ಆದಮೇಲೆ ಡಾಕ್ಟರು ನನಗೆ ಮೌನ ವಿಧಿಸಿದ್ದು ನಿನಗೆ ಗೊತ್ತೇ ಇದೆ. ದನಿ ಮರಳುತ್ತದೋ ಇಲ್ಲವೋ, ಆ ಮಾತಿಗೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಹಾಸ್ಯದ ದೃಶ್ಯವಿದೆ.

ನನ್ನ ಕೋಣೆಯ ಕೆಳಗೆ ಹಳೆಯ ನಾಣ್ಯಗಳ ಅಂಗಡಿ. ಅದರ ಒಡತಿಯನ್ನು ಬೀದಿಯೆಲ್ಲ ಅಕ್ಕ ಎನ್ನುತ್ತದೆ. ಮೆಟ್ಟಿಲ ಮೇಲೆ ಮುಖ ಇಳಿಬಿಟ್ಟು ಕೂತಿದ್ದ ನನ್ನನ್ನು ನೋಡಿ, "ಬಾಯಿಗೆ ತಾನೇ ರಜಾ? ಕಣ್ಣಿಗೇನಾಗಿದೆ ರೋಗ? ಒಳಗೆ ಬನ್ನಿ ರಾಜರೇ" ಎಂದಳು. ಹೋದೆ. ಕಪ್ಪು ಮಖಮಲ್ಲಿನ ಬಟ್ಟೆ, ಕತ್ತು ಬಗ್ಗಿಸಿದ ದೀಪ, ಭೂತಗನ್ನಡಿ. ಹಳೆಯ ಬೆಳ್ಳಿ ನಾಣ್ಯದ ಸ್ಥಿತಿ ನೋಡಿ ಅದರ ದರ್ಜೆ ಹೇಳುವ ವಿದ್ಯೆ! ಅಂಚನ್ನು ಮಾತ್ರ ಹಿಡಿಯಬೇಕು. ಎತ್ತರದ ಜಾಗಗಳೇ ಮೊದಲು ಸವೆಯುವುದು: ರಾಜನ ಕಿವಿ, ಹುಬ್ಬು, ಮೀಸೆಯ ತಿರುವು. ಮೀಸೆ ಎಳೆಎಳೆಯಾಗಿ ಕಂಡರೆ ಮೇಲಿನ ದರ್ಜೆ, ಬರೀ ಉಬ್ಬಾಗಿ ಉಳಿದಿದ್ದರೆ ಮಧ್ಯಮ. ರಾಜನೋ ರಾಣಿಯೋ ತಿಳಿಯದಿದ್ದರೆ ಕಡೆಯದು.

ಮೊದಲ ದಿನವೇ ಅನಾಹುತ. ಕಪ್ಪುಗಟ್ಟಿದ ರಾಜನೊಬ್ಬನನ್ನು ಕಂಡು ನನ್ನ ಕರುಳು ಚುರುಕ್ಕೆಂದಿತು. ಹಲ್ಲುಪುಡಿ ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿ, ಅಕ್ಕನ ಮುಂದಿಟ್ಟು ಎದೆಯುಬ್ಬಿಸಿ ನಿಂತೆ.

"ಅಯ್ಯಯ್ಯೋ! ಇದಕ್ಕೆ ಸ್ನಾನ ಮಾಡ್ಸಿ ಅಂತ ಯಾರ್ರೀ ಹೇಳಿದ್ದು? ಆ ಕಪ್ಪು ಅದರ ವಯಸ್ಸು ಕಣ್ರೀ! ಚರ್ಮಾನೇ ಸುಲಿದುಬಿಟ್ರಲ್ಲ!"

ಮಾತಿಗೆ ಬದಲಾಗಿ ಇಟ್ಟುಕೊಂಡಿರುವ ಸ್ಲೇಟಿನ ಅಂಚಿನಿಂದ ಅಂಚಿಗೆ ನಾನು "ಕ್ಷಮಿಸಿ" ಎಂದು ಬರೆದು ಎತ್ತಿ ಹಿಡಿದೆ.

"ಅಷ್ಟು ಜೋರಾಗಿ ಯಾಕೆ ಬರೀತೀರಿ? ನನಗೆ ಕಿವಿ ಕೇಳ್ಸುತ್ತೆ!"

ಇಬ್ಬರೂ ನಕ್ಕೆವು. ನನ್ನದು ಸದ್ದಿಲ್ಲದ ನಗು, ಹೊಟ್ಟೆ ಮಾತ್ರ ಕುಣಿಯಿತು.

ನಿನ್ನೆ ಪರೀಕ್ಷೆ! ಅಕ್ಕ ಬಟ್ಟೆಯ ಮೇಲೆ ನಾಣ್ಯಗಳನ್ನು ಸಾಲಾಗಿ ಇಟ್ಟಳು. ಒಂದೊಂದಕ್ಕೂ ದರ್ಜೆ ಬರೆಯುತ್ತಾ ಹೋದೆ. ಕೊನೆಯದು ಹಾಲಿನಂತೆ ಬೆಳಗುತ್ತಿತ್ತು. ಮೊದಲ ದರ್ಜೆ ಎಂದು ಬರೆಯಹೊರಟವನು ತಡೆದು, ದೀಪದಡಿ ಓರೆ ಮಾಡಿದೆ. ಕೈ ತಾಕದ ನಾಣ್ಯವಾದರೆ ಬೆಳಕು ಅದರ ಮೇಲೆ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಇಲ್ಲಿ ಕದಲಲೇ ಇಲ್ಲ. ಹೊಳಪಿನ ಅಡಿಯಲ್ಲಿ ಮೀಸೆ ಬೋಳು! ಇಂಥ ಮುಖಗಳನ್ನು ನಾವು ಬಣ್ಣದ ಮನೆಯ ಕನ್ನಡಿಯಲ್ಲಿ ಎಷ್ಟು ನೋಡಿಲ್ಲ? ಬರೆದೆ: "ಮುದುಕ. ಬಣ್ಣ ಹಚ್ಚಿದ್ದಾನೆ."

ಅಕ್ಕ ಮೇಜು ಬಡಿದು ನಕ್ಕಳು. "ಹಚ್ಚಿದ್ದು ನೀವೇ ರೀ! ನೀವು ತಿಕ್ಕಿದ ನಾಣ್ಯಾನೇ ಅದು! ಆಗಲಿ, ಈ ಕುರ್ಚಿ ಇನ್ನು ನಿಮ್ದು."

ನೋಡಿದೆಯಾ, ಈ ವಯಸ್ಸಿನಲ್ಲಿ ಹೊಸ ಸಿಂಹಾಸನ! ನಿನ್ನ ಮನೆಯಾಕೆಗೆ ನಮಸ್ಕಾರ, ಮೊಮ್ಮಕ್ಕಳಿಗೆ ನೂರು ವರ್ಷ ಆಯಸ್ಸು, ಕಂಪನಿಗೆ ಪ್ರತಿ ಆಟಕ್ಕೂ ಭರ್ತಿ ಜನ.

ನಿನ್ನ,
ಗುಡುಗು

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ. ಮೊನ್ನೆ ಡಾಕ್ಟರು ಗಂಟಲು ನೋಡಿದರು. ದನಿ ಬರುವುದಿಲ್ಲವಂತೆ ಕಣೋ. ಬಂದರೂ ಪಿಸುಮಾತು ಮಾತ್ರ. ಇಷ್ಟು ಕಾಲ ನೀನು ಮಾಡಿದ ಕೆಲಸ ಇನ್ನು ನನ್ನ ಪಾಲಿಗೆ. ಅಕ್ಕನಿಗಿನ್ನೂ ಹೇಳಿಲ್ಲ, ಸ್ಲೇಟಿನಲ್ಲಿ ಬರೆಯಲು ಕೈ ಬರಲಿಲ್ಲ. ರಾಜನ ಪಾತ್ರವನ್ನು ನಮ್ಮ ಮಂತ್ರಿಯ ಪಾತ್ರದವನಿಗೆ ಕೊಡು. ಅವನ ದನಿ ಸಣ್ಣದು, ಆದರೆ ಅವನದೇ. ನನ್ನ ಹಾಗೆ ಗರ್ಜಿಸಲು ಬಿಡಬೇಡ. ನಾಳೆ ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆಗೆಯುತ್ತಿದ್ದಂತೆ ಈ ಪತ್ರದೊಂದಿಗೆ ನನ್ನ ಕಿರೀಟವನ್ನೂ ಪಾರ್ಸೆಲ್ ಮಾಡುತ್ತೇನೆ. ಅವನ ತಲೆ ಚಿಕ್ಕದು, ಒಳಗೆ ಬಟ್ಟೆ ಮಡಿಸಿ ಹೊಲಿದಿದ್ದೇನೆ. ಆಮೇಲೆ ನೇರ ಅಂಗಡಿಗೆ ಬಂದು ದೀಪ ಹಚ್ಚುತ್ತೇನೆ.