ಗ್ರೀಕರ ದಾನ ಮತ್ತು ನೀಲಾಳ ಒಡಪು

ಸ್ಟರ್ಲಿಂಗ್ ಹೈಟ್ಸ್, ಮಿಶಿಗನ್
ಅಕ್ಟೋಬರ್ 19, 2024

ಪ್ರಿಯ ಗದಿಗೆಪ್ಪ,

ವುಡ್‌ರಿಡ್ಜ್‌ನಲ್ಲಿ ನೀನೂ ಗಂಗವ್ವನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಒಂದು ಬೇಸಿಗೆಯೇ ಕಳೆಯಿತು. ಉತ್ತರಿಸದಿದ್ದಕ್ಕೆ ಬೈಯಬೇಕೆನಿಸಿದರೆ ಇದನ್ನು ಓದಿ ಮುಗಿಸಿ ಬೈಯಿ, ಏಕೆಂದರೆ ಈ ತಡದಲ್ಲಿ ನಿನ್ನ ಪಾಲೂ ಇದೆ. ಫೋನ್ ಯಾಕೆ ಮಾಡಲಿಲ್ಲ ಅಂತೀಯೇನೋ. ಫೋನಿನಲ್ಲಿ ನೀನು ಎರಡೇ ಮಾತಿಗೆ ಡಾಕ್ಟರಾಗಿಬಿಡುತ್ತೀ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ಸುಮ್ಮನಿರಲೇಬೇಕು.

ಆ ಗ್ರೀಕ್ ಪ್ರತಿಷ್ಠಾನದ ಹೆಸರನ್ನು ನಮ್ಮ ಮನೆಗೆ ತಂದವನು ನೀನೇ. ನೀಲಾ ಒಲೆ ಆರಿಸುವುದನ್ನು ಮರೆಯುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ ಎಂದು ನಾನು ಬಾಯಿ ತಪ್ಪಿ ಅಂದಿದ್ದಕ್ಕೆ ನೀನು, "ಒಮ್ಮೆ ಕರಕೊಂಡ್ ಹೋಗಲೇ ಚಿದಂಬ್ರ. ಹಾಡಸ್ತಾರ, ಚಹಾ ಕೊಡ್ತಾರ, ನೆನಪಿನ ಟೆಸ್ಟ್ ಮಾಡ್ತಾರ, ಎಲ್ಲಾ ಫ್ರೀ. ನಿಂದೇನ್ ಗಂಟ್ ಹೋಗತೈತಿ?" ಅಂದೆ. ಫ್ರೀ ಎಂಬ ಮಾತು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ನಾನು ಓದಿಕೊಂಡೇ ಹೋದವನು. ಅಥೆನ್ಸಿನ ಒಂದು ಹಡಗಿನ ಮನೆತನ. ಅಲ್ಲಿ ನಾಟಕಶಾಲೆ, ಆಸ್ಪತ್ರೆ, ಗ್ರಂಥಾಲಯಗಳಿಗೆ ಕೊಡುತ್ತಾರಂತೆ. ಇಲ್ಲಿ ಡಿಟ್ರಾಯಿಟ್ ಹತ್ತಿರದ ಒಂದು ಚರ್ಚಿನ ಹಾಲಿನಲ್ಲಿ ಗ್ರೀಕ್ ಮುದುಕ ಮುದುಕಿಯರಿಂದ ಹಳೆಯ ಹಾಡು ಹಾಡಿಸುತ್ತಾರೆ, ಪಕ್ಕದ ಕೋಣೆಯಲ್ಲಿ ವೈದ್ಯರು ನೋಡುತ್ತಾರೆ, ನರ್ಸಿಂಗ್ ವಿದ್ಯಾರ್ಥಿಗಳು ಕೂತು ಕಲಿಯುತ್ತಾರೆ. ಈಗ ಬೇರೆ ಭಾಷೆಯವರನ್ನೂ ಕರೆಯುತ್ತಿದ್ದಾರೆ. ಗೋಡೆಯ ಮೇಲೆ ಸಂಸ್ಕೃತಿ, ಆರೋಗ್ಯ, ಶಿಕ್ಷಣ ಎಂದು ದೊಡ್ಡದಾಗಿ ಬರೆದಿದೆ. ಮೂರನ್ನೂ ಒಂದೇ ಕೈಯಲ್ಲಿ ಕೊಡುವವರನ್ನು ಕಂಡರೆ ನಾನು ಮೊದಲು ನನ್ನ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ.

ಧಾರವಾಡದ ನಮ್ಮ ಶಾಲೆಯಲ್ಲಿ ಅಮೆರಿಕದ ಹಾಲಿನ ಪುಡಿ ಹಂಚಿದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಕುಡಿಯುವ ಮೊದಲು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಲೋಟ ಎದೆಯ ಮಟ್ಟಕ್ಕೆ ಎತ್ತಿಸಿ ಫೋಟೋ ತೆಗೆದರು. ನೀನು ಎರಡು ಲೋಟ ಕುಡಿದು ಹಾಲಿನ ಮೀಸೆ ಒರೆಸಿಕೊಂಡೆ. ನಮ್ಮ ಹಸಿವಿನ ಆ ಚಿತ್ರ ಯಾವ ದೇಶದ ಯಾವ ಕಚೇರಿಯ ಗೋಡೆಯ ಮೇಲೆ ತೂಗಿತೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಅದಕ್ಕೇ ಒಪ್ಪಿಗೆ ಪತ್ರವನ್ನು ಪೆನ್ಸಿಲ್ ಹಿಡಿದು ಪೂರ್ತಿ ಓದಿದೆ. ನೀಲಾಳ ಧ್ವನಿಯನ್ನು ಸಂಶೋಧನೆಗೆ ಬಳಸಬಹುದು ಎಂದಿತ್ತು. "ಯಾರ ಸಂಶೋಧನೆ? ಔಷಧ ಕಂಪನಿಯವರದೇ?" ಎಂದು ಕೇಳಿದೆ. ಅಲ್ಲಿನ ಡಾಕ್ಟರು ಎಲೆನಿ ಎಂಬ ಹುಡುಗಿ, ಗ್ರೀಕರವಳೇ. "ನಿಮಗೆ ಬೇಡವಾದರೆ ರೆಕಾರ್ಡ್ ಮಾಡುವುದಿಲ್ಲ" ಎಂದು ತಕ್ಷಣ ಯಂತ್ರ ಆರಿಸಿದಳು. ಇಷ್ಟು ಬೇಗ ಒಪ್ಪಿಕೊಂಡಳಲ್ಲ ಎಂದು ನನ್ನ ಅನುಮಾನ ಇನ್ನೂ ಬಲವಾಯಿತು.

ಅನುವಾದಕ್ಕೆ ಇಲ್ಲೇ ಪಕ್ಕದೂರು ಟ್ರಾಯ್‌ನಲ್ಲಿ ಹುಟ್ಟಿ ಬೆಳೆದ ದೀಪ್ತಿ ಇದ್ದಳು, ಬೆಂಗಳೂರಿನವರ ಮಗಳು. ಇವತ್ತು ಯಾವ ವಾರ ಎಂದು ಕೇಳಿದರು, ನೀಲಾ ಹೇಳಿದಳು. ಊರು ಕೇಳಿದರು, ಹೇಳಿದಳು. ಆಮೇಲೆ ದೀಪ್ತಿ, "ಆಂಟಿ, ನಿಮ್ಮ ಹಸ್ಬೆಂಡ್ ಹೆಸರು ಹೇಳಿ" ಅಂದಳು. ನೀಲಾ ಸೆರಗು ಎಳೆದುಕೊಂಡು ನಕ್ಕು, ನೆಲ ನೋಡುತ್ತ ಕೂತಳು. ಮತ್ತೆ ಕೇಳಿದರು. "ಹೋಗವಾ, ಅದನ್ನ್ಯಾಕ ಕೇಳ್ತಿ" ಅಂದಳು. ಎಲೆನಿ ನನ್ನನ್ನು ಹೊರಗೆ ಕರೆದು, ಹತ್ತಿರದವರ ಹೆಸರು ಜಾರುತ್ತಿರುವುದು ಒಳ್ಳೆಯ ಲಕ್ಷಣವಲ್ಲ ಎಂದಳು.

ನನ್ನ ಸಿಟ್ಟು ನಿನಗೆ ಗೊತ್ತಲ್ಲ. ನಾಲ್ವತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ದುಡಿದವನು ನಾನು. ಭಾಗ ಅಳತೆಗೆ ಕೂರದಿದ್ದರೆ ಮೊದಲು ಅಳೆಯುವ ಗೇಜನ್ನು ಪರೀಕ್ಷಿಸು ಎಂದು ಹುಡುಗರಿಗೆ ಕಲಿಸಿದವನು. "ಅಮ್ಮಾ, ನಿನ್ನ ಗೇಜೇ ತಪ್ಪು" ಅಂದೆ. "ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹೇಳಲೇಬೇಕಾದಾಗ ಒಂದು ಪದ್ಯ ಕಟ್ಟಿ ಅದರೊಳಗೆ ಹೆಸರು ಸೇರಿಸುತ್ತಾರೆ. ಅದಕ್ಕೆ ಒಡಪು ಅನ್ನುತ್ತೇವೆ. ಮದುವೆಯಾದಂದಿನಿಂದ ಇವಳು ನನಗೆ 'ಏನ್ರೀ' ಅಂದವಳೇ ಹೊರತು ಹೆಸರು ಹಿಡಿದವಳಲ್ಲ. ಹಡಗಿನ ದುಡ್ಡಿನಲ್ಲಿ ಸಂಸ್ಕೃತಿ ಉಳಿಸಲು ಬಂದವರಿಗೆ ಇಷ್ಟೂ ತಿಳಿಯದೇ?"

ದೀಪ್ತಿ, "ಓ ಮೈ ಗಾಡ್ ಅಂಕಲ್, ನಂಗೆ ಗೊತ್ತೇ ಇರ್ಲಿಲ್ಲ" ಎಂದು ಕಣ್ಣೀರು ತಂದುಕೊಂಡಳು. ಎಲೆನಿ ಕ್ಷಮೆ ಕೇಳಿ, "ಹಾಗಾದರೆ ನಿಮ್ಮ ರೀತಿಯಲ್ಲೇ ಕೇಳೋಣ" ಅಂದಳು.

ಮುಂದಿನ ಶನಿವಾರ ಅಲ್ಲಿಗೆ ಬರುವ ಕನ್ನಡದ ಹೆಂಗಸರನ್ನೆಲ್ಲ ಸುತ್ತ ಕೂರಿಸಿದರು. ಬಾಗಲಕೋಟೆಯ ರೇಣು ಶುರು ಮಾಡಿದಳು: "ಕಾರಿನ ಮ್ಯಾಲ ಹಿಮದ ರಾಶಿ, ಸತ್ಯ ಅವರು ಕೆರದ್ರ ನನಗ ಖುಷಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೈಸೂರಿನ ಪದ್ಮಜಾ, "ನಮ್ ಕಡೆ ಇದೆಲ್ಲ ಇಲ್ಲಪ್ಪ. 'ತಿರುಮಲೇಶ್, ಕಸ ಹಾಕ್ಬಿಟ್ ಬನ್ನಿ' ಅಂತೀನಿ, ಅಷ್ಟೇ" ಅಂದಳು. "ಅದಕ್ಕ ನಿಮ್ಮ ಮನಿಯವರು ಇಷ್ಟ ಸೊರಗ್ಯಾರ!" ಎಂದು ರೇಣು ಕಾಲೆಳೆದಳು. ಗ್ರೀಕ್ ಮುದುಕಿಯರೂ ಬಂದು ನಿಂತು ಅರ್ಥವಾಗದೆಯೇ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಸಭೆ ಚೆನ್ನಾಗಿತ್ತು.

ನೀಲಾಳ ಸರದಿ ಬಂತು. ನಮ್ಮ ಮನೆ ತುಂಬಿಸಿಕೊಂಡ ದಿನ ನನ್ನ ಅಕ್ಕಂದಿರು ಹೊಸ್ತಿಲಿನಲ್ಲಿ ತಡೆದಾಗ ಅವಳೇ ಕಟ್ಟಿ ಹೇಳಿದ ಒಡಪನ್ನೇ ಎತ್ತಿಕೊಂಡಳು. "ಹಸರ ಸೀರಿಗಿ ಜರಿಯ ಅಂಚು, ಮುಗಲಿನ ಬದಿಗಿ ಮೂಡಿತ ಮಿಂಚು," ಎಂದು ಎಷ್ಟು ಚಂದ ರಾಗ ಎಳೆದಳು! ಹೆಸರು ಬರುವಲ್ಲಿಗೆ ನಿಂತಳು. ಕಾದರು. ಮತ್ತೆ ಮೊದಲಿನಿಂದ ಹೇಳಿದಳು, ಮತ್ತೆ ಅಲ್ಲೇ ನಿಂತಳು. "ಅಯ್ಯ, ನಾಚಿಕಿ ನೋಡ್ರಿ ನೀಲಕ್ಕಂದು! ಹೊಸ ಮದಲಗಿತ್ತಿ ಆಗ್ಯಾಳ!" ಎಂದು ರೇಣು ಕೂಗಿದಳು. ಎಲ್ಲರೂ ನಕ್ಕರು. ನೀಲಾಳೂ ನಕ್ಕಳು.

ಎಲೆನಿ ಮಾತ್ರ ನಗಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಅಷ್ಟು ಜನರ ನಡುವೆ, ಪರದೇಶಿಗಳ ಮುಂದೆ ನಿಲ್ಲಿಸಿ ಗಂಡನ ಹೆಸರು ಹೇಳೆಂದರೆ ಯಾವ ಮಾನಸ್ಥ ಹೆಂಗಸು ಹೇಳುತ್ತಾಳೆ? ಇದು ಪರೀಕ್ಷೆಯಲ್ಲ, ಪ್ರದರ್ಶನ ಎಂದು ಅವಳಿಗೆ ಹೇಳಿ ನೀಲಾಳ ಕೈ ಹಿಡಿದು ಹೊರಟುಬಂದೆ. ಪ್ರತಿಷ್ಠಾನಕ್ಕೂ ಬಿರುಸಾಗಿಯೇ ಬರೆದಿದ್ದೇನೆ, ನಮ್ಮ ಹೆಸರು ತೆಗೆದುಹಾಕಿ ಎಂದು. ಅವರಿಂದ ವಿನಯದ ಉತ್ತರ ಬಂದಿದೆ, ಬಾಗಿಲು ತೆರೆದೇ ಇರುತ್ತದಂತೆ. ಗಿರಾಕಿಯನ್ನು ಬಿಡಲೊಲ್ಲದವರ ಮಾತು ಇದೇ ಅಲ್ಲವೇನೋ?

ಇರಲಿ. ನಿನ್ನ ಮೊಮ್ಮಗಳು ವಿಭಾಳಿಗೆ ಕಾಲೇಜು ಸಿಕ್ಕಿತೆಂದು ಬರೆದಿದ್ದೆ, ಬಹಳ ಸಂತೋಷ. ಚೆನ್ನಾಗಿ ಓದಿ ದೊಡ್ಡವಳಾಗಲಿ ಎಂದು ನಮ್ಮಿಬ್ಬರ ಆಶೀರ್ವಾದ ತಿಳಿಸು. ಗಂಗವ್ವನಿಗೆ ನಮಸ್ಕಾರ. ದೇವರು ನಿಮ್ಮನ್ನು ತಂಪಾಗಿ ಇಟ್ಟಿರಲಿ.

ನಿನ್ನ,
ಚಿದಂಬರ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಶನಿವಾರ ಕಾರಿನಲ್ಲಿ ಮನೆಗೆ ಬರುತ್ತಿದ್ದೆವು. ಹೆದ್ದಾರಿಯಲ್ಲಿ ನಮ್ಮ ಎಕ್ಸಿಟ್ ಬರುವ ಮುಂಚೆ ನೀಲಾ, "ನೀವು ಬೈಯೂದಿಲ್ಲಂದ್ರ ಒಂದು ಕೇಳಲ್ಯಾ?" ಅಂದಳು. ಕೇಳು ಅಂದೆ. "ಮಿಂಚು ಆದಮ್ಯಾಲ ಅಲ್ಲಿ ಯಾರ ಹೆಸರು ಬರಬೇಕರೀ? ಹುಡಕೇ ಹುಡಕಿದೆ, ಸಿಗಲಿಲ್ಲ. ಅವರೆಲ್ಲಾ ನಕ್ಕರಂತ ನಾನೂ ನಕ್ಕೆ." ಗದಿಗೆಪ್ಪ, ಆ ಬಾಗಿಲಿಗೆ ನಾನು ಮತ್ತೆ ಹೇಗೆ ಹೋಗಲಿ, ಏನಂತ ಹೋಗಲಿ, ಡಾಕ್ಟರಾಗಿಯೇ ಹೇಳು. ಕಾರಿನಲ್ಲೇ ಅವಳಿಗೆ ನನ್ನ ಹೆಸರು ಹೇಳಿದೆ. ತನ್ನೊಳಗೇ ಎರಡು ಸಲ ಅಂದುಕೊಂಡಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಚಲೋ ಅದ ಹೆಸರು" ಅಂದಳು.